ಎಲ್ಲರೂ ಬರುವ ತನಕ



ಸಿಂಧನೂರಿನಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. "ನೀವು ನಿಮ್ಮ ಚರ್ಚಿನಲ್ಲಿ ಹಿರಿಯಳು ಅಂತ ಒಮ್ಮೆ ಬರೆದಿದ್ದಿರಿ. ಹೆಂಗಸರು ಅಲ್ಲಿ ಹಿರಿಯರಾಗಿ ಏನು ಮಾಡ್ತೀರಿ? ನಿಮ್ಮಲ್ಲಿ ಪ್ರಾರ್ಥನೆ ಆದ ಮೇಲೆ ರೊಟ್ಟಿ, ಹೆಂಡ ಹಂಚ್ತಾರೆ ಅಂತ ನಮ್ಮ ಪಕ್ಕದ ಮನೆಯವರು ಹೇಳ್ತಾರೆ, ನಿಜವೇ? ಕೇಳಿದ್ದಕ್ಕೆ ಬೇಸರ ಮಾಡ್ಕೋಬೇಡಿ" ಅಂತ ಕೇಳಿದ್ದಾರೆ. ಬೇಸರ ಏನು ಬಂತು! ಉಪ್ಪಿನಕಾಯಿ ಕೆಡದಂತೆ ಇಡೋದು ಹೇಗೆ, ಸೊಸೆಗೂ ಅತ್ತೆಗೂ ಹೊಂದೋದು ಹೇಗೆ ಅಂತ ಬರೆಯುವ ಈ ಅಂಕಣಕ್ಕೆ ಇದೂ ದೂರದ ವಿಷಯವಲ್ಲ. ಅದರಲ್ಲಿ ಅಡುಗೆಯೂ ಇದೆ, ಅತ್ತೆ-ಸೊಸೆಯೂ ಇದ್ದಾರೆ. ಈ ಸಲದ ಪುಟ ಅದಕ್ಕೇ ಮೀಸಲು.

ಮೊದಲು ಹಿರಿಯಳ ವಿಚಾರ. ನಾವು ರಾಯಚೂರಿನ ಮೆಥೋಡಿಸ್ಟ್ ಸಭೆಯವರು. ಮೊದಲು ಅಮೆರಿಕದ ಮಿಷನ್ ಸಭೆಯ ಒಂದು ಭಾಗವಾಗಿದ್ದ ನಮ್ಮ ಸಭೆ 1981ರ ಜನವರಿ 7ರಂದು ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು. ಸಭಾಪಾಲಕರ ಜೊತೆ ನಿಂತು ಕೆಲಸ ಮಾಡುವವರನ್ನು ಜನ ಹಿರಿಯರು ಅಂತಲೇ ಕರೆಯುತ್ತಾರೆ. ಕೂಟದಲ್ಲಿ ನನ್ನ ಹೆಸರು ಕೂಗಿದ ದಿನ ನಮ್ಮ ಮನೆಯವರು "ಇನ್ನು ಮೇಲೆ ನಿನಗ ಅಮ್ಮಾರ ಅನ್ನಬೇಕೇನು?" ಅಂತ ನಕ್ಕರು. ನನಗೆ ನಲವತ್ತಾರು ವರ್ಷ. ಓದಿದ್ದು ಮೆಟ್ರಿಕ್. ತಲೆ ನೆರೆತ ಗಂಡಸರು, ರಿಟೈರ್ ಆದ ಮಾಸ್ತರರು ಕೂರುವ ಬೆಂಚಿನಲ್ಲಿ ನನ್ನನ್ನೂ ಕೂರಿಸಿದರು. ಅದಕ್ಕೀಗ ಮೂರು ವರ್ಷ.

ಉಪದೇಶ ಮಾಡುವುದು ನಮ್ಮ ಕೆಲಸವಲ್ಲ. ರೊಟ್ಟಿ-ಬಟ್ಟಲನ್ನು ಆಶೀರ್ವದಿಸುವ ಅಧಿಕಾರವೂ ನಮಗಿಲ್ಲ, ಅದು ದೀಕ್ಷೆ ಪಡೆದ ಸಭಾಪಾಲಕರದ್ದು. ಹಿರಿಯಳು ಮಾಡೋದು ಏನೆಂದರೆ, ಮೇಜಿನ ಮೇಲೆ ಹಾಸುವ ಬಿಳಿ ಬಟ್ಟೆ ಒಗೆದು ಇಸ್ತ್ರಿ ಮಾಡುವುದು, ಪುಟ್ಟ ಪುಟ್ಟ ಬಟ್ಟಲು ತೊಳೆದು ಒರೆಸುವುದು, ದ್ರಾಕ್ಷಿ ತರುವುದು, ಹಾಸಿಗೆ ಹಿಡಿದವರ ಮನೆಗೆ ಸಭಾಪಾಲಕರನ್ನು ಕರೆದೊಯ್ಯುವುದು, ಒಂದೆರಡು ತಿಂಗಳಿಂದ ಕಾಣದವರ ಬಾಗಿಲು ಬಡಿದು "ಯಾಕ್ರೀ ಅಕ್ಕಾರ, ಆರಾಮ ಅದೀರೇನು?" ಅಂತ ಕೇಳುವುದು. ನೋಡಿ, ಎಲ್ಲಾ ಮನೆವಾರ್ತೆಯೇ! ಗಂಡಸು ಹಿರಿಯರು ಲೆಕ್ಕಪತ್ರ, ಕಾಂಪೌಂಡು ಗೋಡೆ, ಮೈಕಿನ ರಿಪೇರಿ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಬಟ್ಟಲು ಎಷ್ಟಿವೆ ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇರಲಿ.

ಇನ್ನು ರೊಟ್ಟಿಯ ವಿಷಯ. ಯೇಸುವನ್ನು ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಆತ ತನ್ನ ಶಿಷ್ಯರ ಜೊತೆ ಊಟಕ್ಕೆ ಕೂತ. ಅದು ಯೆಹೂದ್ಯರ ಪಸ್ಕ ಹಬ್ಬದ ಕಾಲ. ಅವರ ಪೂರ್ವಿಕರು ಐಗುಪ್ತದಿಂದ ರಾತ್ರೋರಾತ್ರಿ ಹೊರಟಾಗ ಹಿಟ್ಟು ಹುಳಿ ಬರುವ ತನಕ ಕಾಯಲು ವೇಳೆ ಇರಲಿಲ್ಲ, ಆ ನೆನಪಿಗೆ ಹುಳಿ ಹಾಕದ ರೊಟ್ಟಿ ತಿನ್ನುವ ಹಬ್ಬ. ಆತ ರೊಟ್ಟಿ ಮುರಿದು ಕೊಟ್ಟು ಅದು ತನ್ನ ದೇಹವೆಂದೂ, ಬಟ್ಟಲು ಕೊಟ್ಟು ಅದು ತನ್ನ ರಕ್ತವೆಂದೂ ಹೇಳಿ, ತನ್ನ ನೆನಪಿಗಾಗಿ ಇದನ್ನು ಮಾಡುತ್ತಾ ಇರಬೇಕೆಂದು ಹೇಳಿದ. ಅದನ್ನೇ ನಾವು ಪ್ರಭು ಭೋಜನ, ಕರ್ತನ ಭೋಜನ ಅಂತೀವಿ. ಕ್ಯಾಥೊಲಿಕರು ಪರಮಪ್ರಸಾದ ಅಂತಾರೆ. ನಮ್ಮ ಹಳ್ಳಿಗಳ ಮಂದಿ ಬರೀ 'ಸಂಸ್ಕಾರ' ಅಂದು ಮುಗಿಸುತ್ತಾರೆ. "ಈ ಸಲ ಸಂಸ್ಕಾರ ತಗೊಂಡ್ಯಾ?" ಅನ್ನೋದು ಅವರ ಮಾತು.

ಕನ್ನಡ ಬೈಬಲಿನಲ್ಲಿ ಇರುವ ಶಬ್ದವೇ 'ರೊಟ್ಟಿ'. 1810ರಲ್ಲಿ ನಮ್ಮ ಪಕ್ಕದ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು, 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ರೊಟ್ಟಿ ಅಂದರೆ ಈ ಸೀಮೆಯವರ ಕಣ್ಣಿಗೆ ಬರೋದು ಜೋಳದ ರೊಟ್ಟಿ. ಬಿಸಿನೀರಿಗೆ ಹಿಟ್ಟು ಹಾಕಿ, ನಾದಿ, ತಟ್ಟಿ, ಹಂಚಿಗೆ ಹಾಕಿ ನೀರು ಸವರೋದು. ಅದರಲ್ಲೂ ಹುಳಿ ಇಲ್ಲ, ಸೋಡಾ ಇಲ್ಲ. ಪಟ್ಟಣದ ಚರ್ಚಿನಲ್ಲಿ ಮಾತ್ರ ನಾವು ಬೇಕರಿಯ ಬ್ರೆಡ್ಡು ತಂದು, ಅಂಚು ತೆಗೆದು, ಸಣ್ಣ ತುಂಡು ಮಾಡಿ ಇಡ್ತೀವಿ. ಕ್ಯಾಥೊಲಿಕರಲ್ಲಿ ಗೋಧಿಯದೇ ಆಗಬೇಕು ಅಂತ ಕಟ್ಟಾಜ್ಞೆ. ನಮ್ಮಲ್ಲಿ ಹಿಟ್ಟಿನ ವಿಷಯಕ್ಕೆ ಅಷ್ಟು ಬಿಗಿ ಇಲ್ಲ.

ಒಮ್ಮೆ ಮಾನವಿ ತಾಲ್ಲೂಕಿನ ಒಂದು ಹಳ್ಳಿಗೆ ಸಭಾಪಾಲಕರ ಜೊತೆ ಹೋಗಿದ್ದೆವು. ಪಟ್ಟಣದಿಂದ ಹೊರಟಾಗ ಬೇಸಿಗೆ, ಬಸ್ಸಿನಲ್ಲಿ ಸೆಕೆ. ಚೀಲ ಬಿಚ್ಚಿ ನೋಡಿದರೆ ಬ್ರೆಡ್ಡಿಗೆ ಬೂಸ್ಟು ಹಿಡಿದಿದೆ. ಆ ಊರಿನಲ್ಲಿ ಬೇಕರಿ ಎಲ್ಲಿಂದ ಬರಬೇಕು? ಸಭಾಪಾಲಕರು ಒಂದು ಗಳಿಗೆ ಸುಮ್ಮನೆ ನಿಂತು, "ಯಾರ ಮನಿಯಾಗ ಬಿಸಿ ರೊಟ್ಟಿ ಅದ?" ಅಂದರು. ಎದುರಿನ ಮನೆಯ ಸೊಸೆ ಒಲೆಯ ಮುಂದಿನಿಂದ ಎದ್ದು, ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಳು. ಮುದುಕರೊಬ್ಬರಿಗೆ ಸರಿಬರಲಿಲ್ಲ. "ಅದು ದಿನಾ ತಿನ್ನೋ ರೊಟ್ಟಿ ಅಲ್ರೀ ಅಯ್ಯನವರ?" ಅಂದರು. ಸಭಾಪಾಲಕರು "ಆಗಲೂ ಅವರು ದಿನಾ ತಿನ್ನೋದನ್ನೇ ಮುರಿದು ಕೊಟ್ಟಿದ್ದು ಕಾಕಾ" ಅಂದು ಪ್ರಾರ್ಥನೆ ಶುರು ಮಾಡಿದರು. ಐದು ಸಾವಿರ ಮಂದಿಗೆ ಊಟ ಹಾಕಿದ ಕಥೆಯಲ್ಲೂ ಹುಡುಗನ ಕೈಯಲ್ಲಿ ಇದ್ದದ್ದು ಜವೆಗೋಧಿಯ ರೊಟ್ಟಿ, ಆ ದೇಶದ ಬಡವರ ಧಾನ್ಯ. ಆ ದಿನ ರೊಟ್ಟಿ ತಂದ ಹುಡುಗಿಯ ಮುಖ ನೀವು ನೋಡಬೇಕಿತ್ತು. ನಾನಂತೂ ನನ್ನ ಪಾಲಿನ ತುಂಡನ್ನು ನುಂಗೋದಕ್ಕೇ ತಡ ಮಾಡಿದೆ, ಅಷ್ಟು ಮೆತ್ತಗಿತ್ತು.

ಈಗ 'ಹೆಂಡ'ದ ಮಾತಿಗೆ ಬರೋಣ. ನಮ್ಮ ಸಭೆಯಲ್ಲಿ ಕೊಡೋದು ಹೆಂಡವೂ ಅಲ್ಲ, ವೈನೂ ಅಲ್ಲ, ಬರೀ ದ್ರಾಕ್ಷಿಯ ರಸ. ಅದರ ಹಿಂದೆ ಒಂದು ಕಥೆ ಇದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಅಂತ ಒಬ್ಬ ಹಲ್ಲಿನ ಡಾಕ್ಟರು. ಮೆಥೋಡಿಸ್ಟ್ ಸಭೆಯವರು, ಪ್ರಭು ಭೋಜನದ ಸಾಮಾನು ನೋಡಿಕೊಳ್ಳುವ ಕೆಲಸ ಅವರದ್ದು, ಅಂದರೆ ನನ್ನ ಹಾಗೇ! ಕುಡಿತದಿಂದ ಮನೆ ಹಾಳಾದವರ ಮುಂದೆ ಚರ್ಚಿನಲ್ಲೇ ಮದ್ಯ ಹಿಡಿಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. 1869ರಲ್ಲಿ ಅವರು ದ್ರಾಕ್ಷಾರಸವನ್ನು ಬಾಟಲಿಗೆ ತುಂಬಿ ಬಿಸಿನೀರಿನಲ್ಲಿ ಕಾಯಿಸಿ, ಅದು ಹುದುಗದಂತೆ ಇಡುವ ವಿಧಾನ ಕಂಡುಕೊಂಡರು. ದ್ರಾಕ್ಷಿಯ ಸಿಪ್ಪೆಯ ಮೇಲಿರುವ ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆಯನ್ನು ತಿಂದು ಮದ್ಯ ಮಾಡುತ್ತವೆ, ಕಾಯಿಸಿದರೆ ಅವು ಸಾಯುತ್ತವೆ. ಅಷ್ಟೇ ಗುಟ್ಟು. ನಮ್ಮ ರಾಜ್ಯದಲ್ಲಿ 2007ರ ಜುಲೈಯಿಂದ ಸಾರಾಯಿ ನಿಂತಿದೆ. ಕುಡಿತ ನಿಂತಿಲ್ಲ ಅನ್ನೋದು ಇದನ್ನು ಓದುವ ಎಷ್ಟೋ ಅಕ್ಕತಂಗಿಯರಿಗೆ ನಾನು ಹೇಳಬೇಕಾಗಿಲ್ಲ. ಬಿಟ್ಟು ಆರು ತಿಂಗಳಾದ ಗಂಡಸೊಬ್ಬ ಮೊಣಕಾಲೂರಿ ಕೈ ಚಾಚಿದಾಗ ಅವನ ಕೈಗೆ ಮದ್ಯದ ವಾಸನೆ ಕೊಡಬಾರದು. ಈ ಒಂದು ವಿಷಯಕ್ಕೆ ನಾನು ವೆಲ್ಚ್ ಡಾಕ್ಟರಿಗೆ ಕೈ ಮುಗಿಯುತ್ತೇನೆ.

ನಾನು ಮಾಡುವ ವಿಧಾನ ಕೇಳಿ, ಮನೆಯಲ್ಲಿ ಮಕ್ಕಳಿಗೂ ಮಾಡಿ ಕೊಡಬಹುದು. ಒಂದು ಕಿಲೋ ಕಪ್ಪು ದ್ರಾಕ್ಷಿ, ಮಾಗಿದ್ದು. ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಎರಡು-ಮೂರು ನೀರಿನಲ್ಲಿ ತೊಳೆದು, ತೊಟ್ಟು ಬಿಡಿಸಿ. ಸ್ಟೀಲಿನ ಪಾತ್ರೆಯೇ ಬೇಕು. ಹುಳಿ ಪದಾರ್ಥಕ್ಕೆ ಅಲ್ಯೂಮಿನಿಯಂ ಬೇಡ. ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಇಡಿ. ಹದಿನೈದು-ಇಪ್ಪತ್ತು ನಿಮಿಷದಲ್ಲಿ ಸಿಪ್ಪೆ ಒಡೆದು ಬಣ್ಣ ಬಿಡುತ್ತದೆ. ಸೌಟಿನ ಹಿಂಭಾಗದಿಂದ ಮೆಲ್ಲಗೆ ಒತ್ತಿ. ಮಿಕ್ಸಿಗೆ ಹಾಕಲೇಬೇಡಿ, ಬೀಜ ಅರೆದರೆ ಕಹಿ ಬರುತ್ತದೆ. ಆರಿದ ಮೇಲೆ ತೆಳು ಬಿಳಿ ಬಟ್ಟೆಯಲ್ಲಿ ಸೋಸಿ, ಅದರ ಪಾಡಿಗೆ ಇಳಿಯಲು ಬಿಡಿ. ಅವಸರಕ್ಕೆ ಹಿಂಡಿದರೆ ರಸ ಕದಡುತ್ತದೆ. ಸೋಸಿದ್ದನ್ನು ಮತ್ತೊಮ್ಮೆ ಕುದಿಸಿ, ಬಿಸಿನೀರಿನಲ್ಲಿ ತೊಳೆದ ಬಾಟಲಿಗೆ ಬಿಸಿಯಾಗಿಯೇ ತುಂಬಿ ಮುಚ್ಚಿ. ಫ್ರಿಜ್ಜಿನಲ್ಲಿಟ್ಟು ಮೂರು-ನಾಲ್ಕು ದಿನದೊಳಗೆ ಮುಗಿಸಿಬಿಡಿ. ಅರ್ಧ ಲೀಟರಿಗೂ ಮೇಲೆ ರಸ ಸಿಗುತ್ತದೆ, ನಮ್ಮ ಪುಟ್ಟ ಬಟ್ಟಲಿನಲ್ಲಿ ನಲವತ್ತು-ಐವತ್ತು ಮಂದಿಗೆ ಸಾಕು. ದ್ರಾಕ್ಷಿ ಸಿಗದ ಕಾಲಕ್ಕೆ ಕಪ್ಪು ಒಣದ್ರಾಕ್ಷಿಯನ್ನು ರಾತ್ರಿ ನೆನೆಹಾಕಿ ಹೀಗೇ ಕುದಿಸಿ ಸೋಸಿದರೆ ಆಯಿತು. ಸಕ್ಕರೆ ನಾನು ಹಾಕುವುದಿಲ್ಲ.

ಇಷ್ಟು ಮಾಡಿ ಮೇಜಿನ ಮೇಲೆ ಇಟ್ಟರೆ ಹಿರಿಯಳ ಕೆಲಸ ಮುಗಿಯಿತು ಅಂತ ಮೊದಮೊದಲು ಅನ್ನಿಸುತ್ತದೆ. ಅಸಲು ಕೆಲಸ ಶುರುವಾಗುವುದೇ ಆಮೇಲೆ. ಅದನ್ನು ಹೇಳಬೇಕಾದರೆ ಕೊರಿಂಥದ ಕಥೆ ಹೇಳಬೇಕು.

ಕೊರಿಂಥ ಗ್ರೀಸ್ ದೇಶದ ವ್ಯಾಪಾರದ ಪಟ್ಟಣ. ಯೇಸು ಸತ್ತು ಇಪ್ಪತ್ತು-ಇಪ್ಪತ್ತೈದು ವರ್ಷ ಆಗಿರಬಹುದು, ಅಲ್ಲಿ ಒಂದು ಸಣ್ಣ ಸಭೆ ಇತ್ತು. ಚರ್ಚಿನ ಕಟ್ಟಡ ಅಂತ ಆಗ ಇರಲಿಲ್ಲ, ಅನುಕೂಲಸ್ಥರೊಬ್ಬರ ಮನೆಯಲ್ಲಿ ಸಂಜೆ ಕೂಡುತ್ತಿದ್ದರು. ಪ್ರಭು ಭೋಜನ ಅಂದರೆ ಆಗ ನಿಜವಾದ ಊಟವೇ. ಕೈಯಲ್ಲಿ ಕಾಸಿದ್ದವರು, ಹೊತ್ತಿಗೆ ಮುಂಚೆ ಬಿಡುವಾಗುವವರು ಬೇಗ ಬಂದು, ತಂದದ್ದನ್ನು ತಾವೇ ಉಂಡು ಕುಡಿದು ಕೂತಿರುತ್ತಿದ್ದರು. ಕೂಲಿಯವರು, ಆಳುಗಳು ಒಡೆಯರ ಕೆಲಸ ಮುಗಿಸಿ ಬರುವ ಹೊತ್ತಿಗೆ ಪಾತ್ರೆ ಖಾಲಿ. ಒಬ್ಬರು ಹಸಿದು ಕೂತಿದ್ದಾರೆ, ಇನ್ನೊಬ್ಬರಿಗೆ ಅಮಲೇರಿದೆ. ಸಂತ ಪೌಲನ ಕಿವಿಗೆ ಈ ಸುದ್ದಿ ಬಿತ್ತು. ಆತ ಸಿಟ್ಟಿನಿಂದ ಒಂದು ಕಾಗದ ಬರೆದ: ನೀವು ಉಣ್ಣುವುದು ಪ್ರಭುವಿನ ಭೋಜನವೇ ಅಲ್ಲ, ಇಲ್ಲದವರನ್ನು ನಾಚಿಕೆಪಡಿಸುತ್ತಿದ್ದೀರಿ ಎಂದು. ಪ್ರಭು ಭೋಜನದ ಬಗ್ಗೆ ನಮಗೆ ಸಿಕ್ಕಿರುವ ಬಹಳ ಹಳೆಯ ಬರಹ ಅದೇ ಕಾಗದ, ಸುವಾರ್ತೆಗಳಿಗಿಂತಲೂ ಹಳೆಯದು. ಅಷ್ಟೆಲ್ಲಾ ಬೈದ ಮೇಲೆ ಆತ ಹೇಳುವ ಪರಿಹಾರ ಏನು ಗೊತ್ತೇ? ಉಪವಾಸ ಮಾಡಿ ಅಂದನೇ? ಇಷ್ಟು ಮಂತ್ರ ಹೇಳಿ ಅಂದನೇ? ಊಟಕ್ಕೆ ಕೂಡಿದಾಗ ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ ಅಂದ. ಇಷ್ಟೇ!

ಚಿಕ್ಕಂದಿನಿಂದ ಆ ಅಧ್ಯಾಯ ಚರ್ಚಿನಲ್ಲಿ ಓದಿಸುತ್ತಾರೆ, ಕೇಳಿ ಕೇಳಿ ಬಾಯಿಪಾಠ. ಅದರ ಅರ್ಥ ನನ್ನ ಎದುರಿಗೆ ಬಂದು ನಿಂತದ್ದು ದೇವದುರ್ಗದ ಕಡೆ ಒಂದು ಹಳ್ಳಿಯಲ್ಲಿ.

ಹಳ್ಳಿಗಳ ಸ್ಥಿತಿ ಹೇಗೆ ಅಂದರೆ, ಪಟ್ಟಣದಲ್ಲಿ ತಿಂಗಳ ಮೊದಲ ಭಾನುವಾರ ತಪ್ಪದೆ ಪ್ರಭು ಭೋಜನ ಇರುತ್ತದೆ. ಹಳ್ಳಿಯಲ್ಲಿ ಹಾಗಲ್ಲ. ದೀಕ್ಷೆ ಪಡೆದ ಸಭಾಪಾಲಕರು ಒಬ್ಬರು, ಊರುಗಳು ಹತ್ತಾರು. ಅವರ ಸರದಿ ಬರೋದು ಎರಡು ತಿಂಗಳಿಗೋ ಮೂರು ತಿಂಗಳಿಗೋ. ಆ ದಿನ ನಾವು ಹೋದಾಗ ಮೆಣಸಿನಕಾಯಿ ಬಿಡಿಸುವ ಕಾಲ. ನಾರಾಯಣಪುರದ ಕಾಲುವೆ ಬಂದ ಮೇಲೆ ಆ ಕಡೆ ಮೆಣಸಿನಕಾಯಿಯ ಬೆಳೆ ಜೋರು. ಹೆಂಗಸರು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿದರೆ ಮರಳುವುದು ಕತ್ತಲಾದ ಮೇಲೆ. ಕೂಟ ಆರೂವರೆಗೆ ಅಂತ ಮೊದಲೇ ಹೇಳಿಯಾಗಿತ್ತು, ನಮಗೆ ಕೊನೆಯ ಬಸ್ಸು ಹಿಡಿಯಬೇಕಲ್ಲ. ಕೂಟ ಆಯಿತು, ಸಂಸ್ಕಾರ ಆಯಿತು, ಬಿಳಿ ಬಟ್ಟೆ ಮುಚ್ಚಿದೆವು. ಅಷ್ಟು ಹೊತ್ತಿಗೆ ಟಂಟಂ ಬಂದ ಸದ್ದು. ಏಳೆಂಟು ಹೆಂಗಸರು ಬಾಗಿಲ ಹೊರಗೆ ಬಂದು ನಿಂತರು. ಒಳಗೆ ಬರಲಿಲ್ಲ.

ನಾನು ಹೋಗಿ "ಬರ್ರಿ ಯವ್ವಾ, ಒಳಗ ಬರ್ರಿ" ಅಂದೆ. ಅವರಲ್ಲಿ ಹಿರಿಯ ಹೆಂಗಸು, ಅರವತ್ತರ ಮೇಲಿರಬೇಕು, "ಬ್ಯಾಡ ತಂಗಿ, ಜಳಕ ಇಲ್ಲ, ಏನಿಲ್ಲ. ಕೈಯೆಲ್ಲಾ ಖಾರ. ಮುಂದಿನ ಸಲ ತಗೊಂತೀನಿ" ಅಂತ ಎರಡೂ ಕೈ ತೋರಿಸಿದರು. ಬೆರಳು ಕೆಂಪಾಗಿ ಊದಿದ್ದವು. ಮುಂದಿನ ಸಲ ಅಂದರೆ ಮೂರು ತಿಂಗಳಿಗೆ ಅನ್ನೋದು ಅವರಿಗೂ ಗೊತ್ತು, ನನಗೂ ಗೊತ್ತು. ನಮ್ಮ ಜೊತೆ ಬಂದ ಹಿರಿಯರೊಬ್ಬರು ಗಡಿಯಾರ ನೋಡಿ, "ಎಲ್ಲಾ ಮುಗದದ, ಬಟ್ಟಿ ಮುಚ್ಚ್ಯಾದ. ಬಸ್ಸಿಗೆ ಹೊತ್ತಾಯ್ತು" ಅಂದರು. ಅವರದ್ದೂ ಸುಳ್ಳಲ್ಲ. ಆದರೂ ನಾನು ಸಭಾಪಾಲಕರ ಕಡೆ ತಿರುಗಿ, "ಅಯ್ಯನವರ, ಕೊರಿಂಥದ ಕಾಗದ ಈಗಿನ್ನ ಓದಿದ್ರಿ" ಅಂದೆ. ಅವರು ಚಪ್ಪಲಿ ಮೆಟ್ಟುತ್ತಿದ್ದವರು ಬಿಟ್ಟು ಒಳಗೆ ಹೋಗಿ ಬಟ್ಟೆ ತೆಗೆದರು.

ನೀರು ಹಾಕಿದರೆ ಖಾರದ ಉರಿ ಹೋಗುವುದಿಲ್ಲ, ಮೊದಲು ಎಣ್ಣೆ ಹಚ್ಚಿ ಉಜ್ಜಬೇಕು, ಆಮೇಲೆ ಸಾಬೂನು. (ಇದು ನಿಮಗೂ ನೆನಪಿರಲಿ, ಹಸಿಮೆಣಸಿನಕಾಯಿ ಹೆಚ್ಚಿದ ಕೈಗೂ ಇದೇ ಮದ್ದು.) ಪಕ್ಕದ ಮನೆಯಿಂದ ಒಂದಿಷ್ಟು ಎಣ್ಣೆ ತಂದು ಎಲ್ಲರ ಕೈಗೂ ಹಾಕಿದೆವು. ಉಟ್ಟ ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ತಲೆಗೆ ಟವಲು ಸುತ್ತಿಕೊಂಡೇ ಅವರೆಲ್ಲಾ ಮೊಣಕಾಲೂರಿದರು. ಒಳಗಿದ್ದವರು ಮನೆಗೆ ಹೋಗದೆ ಮತ್ತೆ ಕೂತರು. ಬಸ್ಸು ತಪ್ಪಿತು. ಆ ರಾತ್ರಿ ಅಲ್ಲೇ ಉಳಿದು, ಆ ಹಿರಿಯ ಹೆಂಗಸಿನ ಮನೆಯಲ್ಲೇ ರೊಟ್ಟಿ, ಪುಂಡಿಪಲ್ಯ ಉಂಡೆವು. ಬಸ್ಸಿನ ಮಾತಾಡಿದ ಹಿರಿಯರು ಎರಡು ರೊಟ್ಟಿ ಹೆಚ್ಚಿಗೇ ಉಂಡರು. ಈಗ ಆ ಊರಲ್ಲಿ ಕೂಟ ಇಟ್ಟರೆ ರಾತ್ರಿ ಎಂಟೂವರೆಗೇ, ಟಂಟಂ ಬಂದು ಅವರು ಮುಖ ತೊಳೆದ ಮೇಲೆ. ಬತ್ತ ನಾಟಿಯ ಕಾಲಕ್ಕೆ ಮಾನವಿ ಕಡೆಯ ಹಳ್ಳಿಗಳಲ್ಲೂ ಹಾಗೇ ಮಾಡಿದ್ದೇವೆ. ಬೆಂಗಳೂರಿಗೆ ಗುಳೆ ಹೋದವರಿಗೆ ಏನು ಮಾಡಬೇಕು ಅನ್ನೋದು ಇನ್ನೂ ಬಗೆಹರಿದಿಲ್ಲ. ಅವರು ಊರಿಗೆ ಬರೋದು ಹಬ್ಬಕ್ಕೋ ಸಾವಿಗೋ.

ಈ ಕಾಯುವ ಮಾತನ್ನು ಚರ್ಚಿನಲ್ಲೇ ಬಿಟ್ಟು ಬರೋದು ಕಷ್ಟ. ನಮ್ಮ ಮನೆಗಳಲ್ಲಿ ಕಡೆಗೆ ಉಣ್ಣುವವರು ಯಾರು ಹೇಳಿ? ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಉಂಡ ಮೇಲೆ ಸೊಸೆ ತಳದ ಸಾರಿಗೆ ಆರಿದ ಅನ್ನ ಕಲಸಿಕೊಳ್ಳುತ್ತಾಳೆ. ಪಲ್ಯ ಉಳಿದಿದ್ದರೆ ಅವಳ ಅದೃಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಅಂತ ಹೇಳಿದೆ. ಕಾರಣ ಹಲವು ಇರಬಹುದು, ಕಡೆಯ ಪಂಕ್ತಿಯೂ ಅದರಲ್ಲಿ ಒಂದು ಅಂತ ನನಗೆ ಗುಮಾನಿ. ನಮ್ಮ ಮನೆಯಲ್ಲಿ ಈಗ ರಾತ್ರಿ ಊಟಕ್ಕೆ ನಾನು ಒಲೆ ಆರಿಸಿ ಬಂದು ಕೂರುವ ತನಕ ಯಾರೂ ತಟ್ಟೆಗೆ ಕೈ ಹಾಕಬಾರದು ಅಂತ ನಿಯಮ. ಮೊದಲ ವಾರ ಮಕ್ಕಳು ಗೊಣಗಿದರು. ಬಿಸಿರೊಟ್ಟಿ ಇಲ್ಲ ಅಂತ ನಮ್ಮ ಮನೆಯವರೂ ಗೊಣಗಿದರು. ಈಗ ರೊಟ್ಟಿ ಡಬ್ಬಿಯಲ್ಲಿ ಬಟ್ಟೆ ಹಾಸಿ ಇಡುತ್ತೇನೆ, ಬಿಸಿಯೂ ಉಳಿಯುತ್ತದೆ, ಗೊಣಗೂ ನಿಂತಿದೆ.

ಒಟ್ಟಿಗೆ ಉಣ್ಣೋದು ಈ ನಾಡಿನಲ್ಲಿ ಯಾವತ್ತೂ ಸಣ್ಣ ವಿಷಯವಾಗಿರಲಿಲ್ಲ. ಮಾನವಿಯ ಜಗನ್ನಾಥದಾಸರ ಕಥೆ ನಿಮಗೆ ಗೊತ್ತಲ್ಲ? ಅವರು ಇನ್ನೂ ಶ್ರೀನಿವಾಸಾಚಾರ್ಯರಾಗಿದ್ದಾಗ, ವಿಜಯದಾಸರು ಊಟಕ್ಕೆ ಕರೆದರೆ ದಾಸರ ಪಂಕ್ತಿಗೆ ಬರಲೊಲ್ಲದೆ ಹೊಟ್ಟೆನೋವು ಅಂತ ನೆವ ಹೇಳಿದರಂತೆ. ಹೇಳಿದ ಹೊಟ್ಟೆನೋವು ನಿಜವಾಗಿಯೇ ಬಂತು, ಗೋಪಾಲದಾಸರ ಹತ್ತಿರ ಹೋದ ಮೇಲೆಯೇ ವಾಸಿಯಾಯಿತು ಅಂತ ನಮ್ಮ ಸೀಮೆಯಲ್ಲಿ ಹೇಳುತ್ತಾರೆ. ಕ್ರೈಸ್ತರು ಇದರಲ್ಲಿ ಹೆಚ್ಚಿನವರೇನಲ್ಲ. ತಂಜಾವೂರಿನ ಕಡೆ ಹಳೆಯ ಸಭೆಗಳಲ್ಲಿ ಮೇಲುಜಾತಿಯಿಂದ ಬಂದವರು ಬೇರೆ ಕೂರುತ್ತಿದ್ದರು, ಸಂಸ್ಕಾರವನ್ನೂ ಮೊದಲು ತೆಗೆದುಕೊಳ್ಳುತ್ತಿದ್ದರು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಇದು ಕೂಡದು ಅಂತ ಅಪ್ಪಣೆ ಮಾಡಿದಾಗ ಎಷ್ಟೋ ಮಂದಿ ಚರ್ಚನ್ನೇ ಬಿಟ್ಟು ಹೋದರು, ಒಟ್ಟಿಗೆ ಮೊಣಕಾಲೂರಲಿಲ್ಲ. ನಮ್ಮ ರಾಯಚೂರು ಸೀಮೆಯಲ್ಲಿ ಸಭೆ ಬೆಳೆದದ್ದು ಹೆಚ್ಚಾಗಿ ಊರ ಹೊರಗಿನ ಕೇರಿಗಳಲ್ಲಿ. ಚಹಾದ ಅಂಗಡಿಯಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿದ ನೆನಪು ನಮ್ಮ ಹಿಂದಿನ ತಲೆಮಾರಿನ ಹಲವರಿಗೆ ಇದೆ. ಅಂಥವರಿಗೆ ಒಂದೇ ಬಟ್ಟಲು ಸಾಲಾಗಿ ಎಲ್ಲರ ತುಟಿಗೂ ಹೋಗುವುದು ಅಂದರೆ ಏನು ಅನ್ನೋದನ್ನು ನಾನು ಬಿಡಿಸಿ ಹೇಳಬೇಕೇ?

ಹಾಗಾಗಿಯೇ ಈ ಪುಟ್ಟ ಬಟ್ಟಲುಗಳ ಬಗ್ಗೆ ನನ್ನ ಮನಸ್ಸು ಎರಡಾಗಿದೆ. ರೋಗ ಅಂಟಬಾರದು ಅಂತ 1890ರ ದಶಕದಲ್ಲಿ ಅಮೆರಿಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಶುರು ಮಾಡಿದರು. ಶುಚಿಯ ದೃಷ್ಟಿಯಿಂದ ಒಳ್ಳೆಯದೇ, ಕ್ಷಯ ಇರುವ ಜಿಲ್ಲೆಯಲ್ಲಿ ಬೇಡ ಅನ್ನೋದು ಹೇಗೆ? ಆದರೂ ನಮ್ಮತ್ತೆಯವರು ಕೊನೆಯ ತನಕ "ಬಟ್ಟಲಾ ಬ್ಯಾರೆ ಮಾಡಿದ್ರಲ್ಲ" ಅಂತ ಅನ್ನುತ್ತಿದ್ದರು. 2020ರಲ್ಲಿ ಕೊರೋನಾ ಬಂದು ಚರ್ಚಿನ ಬಾಗಿಲೇ ಮುಚ್ಚಿತು. ಆ ವರ್ಷ ಏಪ್ರಿಲ್ 9, ಕಡೆಯ ಭೋಜನವನ್ನು ನೆನೆಯುವ ಗುರುವಾರ. ಕೆಲವರು ಮೊಬೈಲಿನ ಮುಂದೆ ಬ್ರೆಡ್ಡು, ರಸ ಇಟ್ಟುಕೊಂಡು ಕೂತರು. ಇನ್ನು ಕೆಲವರು ಕಾದರು. ನಾನು ಕಾದವರ ಪೈಕಿ.

ಹೆಂಗಸರಿಗೇ ಹೇಳಬೇಕಾದ ಒಂದು ಮಾತು ಇದೆ. ನಮ್ಮಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಆ ಭಾನುವಾರ ಸಂಸ್ಕಾರಕ್ಕೆ ಬಾರದೆ ಹಿಂದಿನ ಬೆಂಚಿನಲ್ಲೇ ಉಳಿದುಬಿಡುತ್ತಾರೆ. ಕೇಳಿದರೆ ತಲೆ ತಗ್ಗಿಸುತ್ತಾರೆ. ಸಭೆಯಲ್ಲಿ ಅಂಥ ನಿಯಮ ಇಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಗುಂಪಿನಲ್ಲಿ ನುಸುಳಿ ಯೇಸುವಿನ ಬಟ್ಟೆ ಮುಟ್ಟಿದಳು, ಆತ ಅವಳನ್ನು ಬೈಯಲಿಲ್ಲ, ಮಗಳೇ ಅಂತ ಕರೆದ. ಗಂಡಸು ಹಿರಿಯರು ಇದನ್ನು ಹೆಣ್ಣುಮಕ್ಕಳಿಗೆ ಹೇಳಲಾರರು, ಕೇಳಿದರೆ ಕೆಮ್ಮುತ್ತಾರೆ. ನನ್ನಂಥವಳು ಆ ಬೆಂಚಿನಲ್ಲಿ ಕೂತದ್ದರಿಂದ ಬೇರೇನು ಉಪಯೋಗ ಆಯಿತೋ ಇಲ್ಲವೋ, ಮೂರು-ನಾಲ್ಕು ಹುಡುಗಿಯರು ಈಗ ಹಿಂದಿನಿಂದ ಎದ್ದು ಬರುತ್ತಾರೆ. ಬಾರದವರನ್ನು ನಾನು ಎಳೆಯಲು ಹೋಗುವುದಿಲ್ಲ, ಅವರವರ ತಾಯಂದಿರ ಮಾತೂ ಇರುತ್ತದೆ.

ನಾವೆಲ್ಲಾ ಒಂದೇ ಮೇಜಿನವರು ಅಂತ ಹೇಳಿಕೊಂಡರೂ ಕ್ರೈಸ್ತರೊಳಗೇ ಮೇಜು ಒಂದಾಗಿಲ್ಲ. ಮುದಗಲ್ಲಿನ ಕ್ಯಾಥೊಲಿಕ್ ಸಭೆ ಆದಿಲ್‌ಶಾಹಿ ಕಾಲದ್ದು, ನಮ್ಮ ಜಿಲ್ಲೆಯಲ್ಲೇ ಬಹಳ ಹಳೆಯದು. ಅಲ್ಲಿ ನಮ್ಮ ನೆಂಟರ ಮದುವೆಗೆ ಹೋದರೆ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸುತ್ತಾರೆ, ಪರಮಪ್ರಸಾದದ ಹೊತ್ತಿಗೆ ಮಾತ್ರ ನಾನು ಕೂತಲ್ಲೇ ಕೂರಬೇಕು. ಅದು ಅವರ ಸಭೆಯ ಕಟ್ಟಳೆ, ಅತಿಥಿಯಾಗಿ ಹೋದವಳು ಪ್ರಶ್ನೆ ಮಾಡಬಾರದು. ದಕ್ಷಿಣ ಭಾರತದಲ್ಲಿ ಆಂಗ್ಲಿಕನ್ನರು ಮತ್ತು ಬೇರೆ ಕೆಲವು ಸಭೆಯವರು 1947ರ ಸೆಪ್ಟೆಂಬರ್ 27ರಂದು ಒಂದಾಗಿ ಸಿ.ಎಸ್.ಐ. ಸಭೆ ಮಾಡಿದರು, ಲೋಕಕ್ಕೇ ಅದು ಸೋಜಿಗದ ಸುದ್ದಿಯಾಗಿತ್ತು. ನಾವು ಅಮೆರಿಕದ ಮಿಷನ್ನಿನ ಮೆಥೋಡಿಸ್ಟರು ಅದಕ್ಕೆ ಸೇರಲಿಲ್ಲ. ಆದರೆ ಅವರ ಮೇಜಿಗೆ ನಾವು ಹೋಗುತ್ತೇವೆ, ನಮ್ಮಲ್ಲಿಗೆ ಅವರು ಬರುತ್ತಾರೆ.

ಹೊರಗಿನ ಗೋಡೆಗಿಂತ ಒಳಗಿನ ಗೋಡೆ ಗಟ್ಟಿ. ಪ್ರಭು ಭೋಜನಕ್ಕೆ ಮುಂಚೆ ಜಗಳ ಇದ್ದವರು ರಾಜಿಯಾಗಿ ಬರಬೇಕು ಅಂತ ನಮ್ಮಲ್ಲಿ ಹೇಳುತ್ತಾರೆ. ಅದಕ್ಕೇ ಹಿಂದಿನ ಶನಿವಾರ ಹಿರಿಯರು ಮನೆಮನೆಗೆ ಹೋಗೋದು. ಜಗಳಗಂಟರಿಗೆ ಸಂಸ್ಕಾರ ಕೊಡಬಾರದು, ಆಗ ಬುದ್ಧಿ ಬರುತ್ತದೆ ಅಂತ ಹಿರಿಯರಲ್ಲಿ ಒಂದಿಬ್ಬರ ವಾದ. ನನಗೆ ಅದು ಒಪ್ಪಿಗೆಯಿಲ್ಲ. ಅನ್ನದ ತಟ್ಟೆ ಎಳೆದುಕೊಂಡು ಮಗುವಿಗೆ ಬುದ್ಧಿ ಕಲಿಸಿದ ತಾಯಿ ಯಾರಿದ್ದಾರೆ? ಕಡೆಯ ಭೋಜನದಲ್ಲಿ, ಹಿಡಿದುಕೊಡಲಿದ್ದ ಯೂದನೂ ಅದೇ ಮೇಜಿನಲ್ಲಿ ಕೂತಿದ್ದ.

ಮಾನವಿಯಲ್ಲಿ ನೆಗೆಣ್ಣಿಯರಿಬ್ಬರು ಇದ್ದಾರೆ, ಅಣ್ಣತಮ್ಮಂದಿರ ಹೆಂಡಂದಿರು. ನಡುಮನೆಯಲ್ಲಿ ಗೋಡೆ ಎಬ್ಬಿಸುವಾಗ ನಲ್ಲಿ ಯಾರ ಪಾಲಿಗೆ ಅಂತ ಜಗಳ ಬಂದು, ಎರಡು ವರ್ಷ ಇಬ್ಬರೂ ಸಂಸ್ಕಾರಕ್ಕೆ ಬರಲಿಲ್ಲ. ಒಬ್ಬಳು ಬಂದರೆ ಇನ್ನೊಬ್ಬಳು ಬರೋದಿಲ್ಲ, ಇನ್ನೊಬ್ಬಳು ಬರೋದಿಲ್ಲ ಅಂತ ಇವಳೂ ಬರೋದಿಲ್ಲ. ಹೋದಾಗಲೆಲ್ಲಾ ಇಬ್ಬರ ಮನೆಯಲ್ಲೂ ಚಹಾ ಕುಡಿಯಬೇಕು, ಇಲ್ಲದಿದ್ದರೆ ಅದೂ ಒಂದು ಜಗಳ. ಕಳೆದ ತಿಂಗಳು ಹಿರಿಯವಳು ಒಬ್ಬಳೇ ಬಂದಳು. ನಾನು ಏನೂ ಕೇಳಲಿಲ್ಲ. ಬಟ್ಟಲು ತೊಳೆಯುವಾಗ ತಾನಾಗಿಯೇ ಪಕ್ಕಕ್ಕೆ ಬಂದು ಒರೆಸುತ್ತಾ, "ನಾ ಅಕಿನ್ನ ಕರದು ಬಂದೀನ್ರೀ ಅಕ್ಕಾರ. ಬಾಗಲಾ ತಗದ್ಲು, ಮಾತಾಡ್ಲಿಲ್ಲ" ಅಂದಳು. ಎರಡು ವರ್ಷದಲ್ಲಿ ಬಾಗಿಲು ತೆಗೆದದ್ದೇ ಮೊದಲಂತೆ. ಈ ಶನಿವಾರ ನಾನು ಮತ್ತೆ ಮಾನವಿಗೆ ಹೋಗುವುದಿದೆ. ಏಳು ಗಂಟೆಯ ಬಸ್ಸು ಸಿಕ್ಕರೆ ಹತ್ತರೊಳಗೆ ಎರಡೂ ಮನೆಯ ಚಹಾ ಮುಗಿಸಬಹುದು, ಈ ಸಲ ಮೊದಲು ಕಿರಿಯವಳ ಮನೆಗೆ ಹೋಗುತ್ತೇನೆ.